ಗೆಲ್ಲೋಕಲ್ಲ, ಕಟ್-ಆಫ್ ದಾಟೋಕೆ ಓಡುವವರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ವಿಷಯ ಮ್ಯಾರಥಾನ್. ಆದ್ರೆ ಗೆದ್ದವರ ಬಗ್ಗೆ ಅಲ್ಲ. ಗೆದ್ದವರ ಫೋಟೋ ಮರುದಿನ ಪೇಪರ್‌ನಲ್ಲಿ ಬಂದೇ ಬರುತ್ತೆ. ನಾನು ಮಾತಾಡೋಕೆ ಹೊರಟಿರೋದು ಫಲಿತಾಂಶದ ಪಟ್ಟಿಯಲ್ಲಿ ನಲವತ್ತನೇ, ಎಪ್ಪತ್ತನೇ, ನೂರನೇ ಸ್ಥಾನದಲ್ಲಿ ಇರೋರ ಬಗ್ಗೆ. ಅವರಿಗೆ ಪದಕ ಇಲ್ಲ, ಬಹುಮಾನದ ಚೆಕ್ ಇಲ್ಲ. ಆದರೂ ಗೆರೆ ದಾಟಿದ ಕೂಡಲೇ ಕೆಲವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳ್ತಾರೆ, ಕೆಲವರು ನೆಲದ ಮೇಲೆ ಕೂತುಬಿಡ್ತಾರೆ. ಯಾಕೆ ಅಂದ್ರೆ ಅವರು ಓಡಿದ್ದು ಪಕ್ಕದಲ್ಲಿದ್ದವರ ವಿರುದ್ಧ ಅಲ್ಲ, ಗಡಿಯಾರದ ಮೇಲಿನ ಒಂದು ಸಂಖ್ಯೆಯ ವಿರುದ್ಧ.

ಬಿ.ಕಾಂ. ಓದಿದ ನನಗೆ ಕ್ರೀಡೆಯಲ್ಲಿ ಮೊದಲು ಕಣ್ಣಿಗೆ ಬೀಳೋದೇ ಲೆಕ್ಕ. ಮ್ಯಾರಥಾನ್‌ನಷ್ಟು ಲೆಕ್ಕ ಇರೋ ಆಟ ಇನ್ನೊಂದಿಲ್ಲ ಅನ್ಸುತ್ತೆ. ಹಾಗಾಗಿ ಇವತ್ತು ಮೂರು ಲೆಕ್ಕ ನೋಡೋಣ. ಒಂದು, ಕಟ್-ಆಫ್ ಅಂದ್ರೆ ಏನು. ಎರಡು, ಅದನ್ನ ದಾಟೋಕೆ ಓಟವನ್ನ ಹೇಗೆ ಖರ್ಚು ಮಾಡ್ತಾರೆ. ಮೂರು, ಆ ಕಟ್-ಆಫ್ ಅನ್ನು ಎಲ್ಲಿ ಇಡ್ತೀವಿ ಅನ್ನೋದರಿಂದ ಒಂದು ದೇಶದಲ್ಲಿ ಎಷ್ಟು ಜನ ಓಡ್ತಾರೆ ಅನ್ನೋದು ಹೇಗೆ ಬದಲಾಗುತ್ತೆ. ಮೂರನೆಯದು ನಮ್ಮ ದೇಶಕ್ಕೂ ಸಂಬಂಧಪಟ್ಟ ವಿಷಯ. ಕೊನೆಯಲ್ಲಿ ಅಲ್ಲಿಗೆ ಬರ್ತೀನಿ.

ಟ್ರಯಲ್ಸ್ ಅಂದ್ರೆ ಏನು?

ಒಲಿಂಪಿಕ್ಸ್ ಮ್ಯಾರಥಾನ್‌ಗೆ ಒಂದು ದೇಶದಿಂದ ಹೆಚ್ಚೆಂದರೆ ಮೂವರು ಪುರುಷರು, ಮೂವರು ಮಹಿಳೆಯರು ಹೋಗಬಹುದು. ಆ ಮೂವರನ್ನ ಆರಿಸೋದು ಹೇಗೆ? ಒಂದೊಂದು ದೇಶದ್ದು ಒಂದೊಂದು ಪದ್ಧತಿ. ಕೆನ್ಯಾದಲ್ಲಿ ಎರಡು ಗಂಟೆ ಐದು ನಿಮಿಷದೊಳಗೆ ಓಡೋರು ಸಾಲುಗಟ್ಟಿ ನಿಂತಿರ್ತಾರೆ. ಅಲ್ಲಿ ಒಕ್ಕೂಟವೇ ಇತ್ತೀಚಿನ ಸಾಧನೆ ನೋಡಿ ಹೆಸರು ಪ್ರಕಟಿಸುತ್ತೆ.

ಅಮೆರಿಕದ ದಾರಿ ಬೇರೆ. ಒಂದೇ ದಿನ, ಒಂದೇ ಓಟ. ಮೊದಲು ಗೆರೆ ದಾಟಿದ ಮೂವರು ತಂಡಕ್ಕೆ. ಹಿಂದಿನ ವರ್ಷ ನೀವು ಏನು ಸಾಧಿಸಿದ್ರಿ, ನಿಮ್ಮ ಹೆಸರು ಎಷ್ಟು ದೊಡ್ಡದು ಅನ್ನೋದು ಅವತ್ತು ಲೆಕ್ಕಕ್ಕಿಲ್ಲ. ಇದನ್ನೇ ಒಲಿಂಪಿಕ್ ಟ್ರಯಲ್ಸ್ ಅಂತಾರೆ. ಇದರಲ್ಲಿ ಒಂದು ಕ್ರೌರ್ಯ ಇದೆ, ಒಪ್ಪಿಕೊಳ್ಳೋಣ. ಅವತ್ತು ಹೊಟ್ಟೆ ಕೆಟ್ಟರೆ ನಾಲ್ಕು ವರ್ಷದ ಶ್ರಮ ಹೋಯ್ತು. ಆದರೆ ಒಂದು ನ್ಯಾಯವೂ ಇದೆ. ಶಿಫಾರಸು ನಡೆಯಲ್ಲ.

1984ರಲ್ಲಿ ಮೊದಲ ಸಲ ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಬಂತು. ಆ ವರ್ಷದ ಅಮೆರಿಕದ ಟ್ರಯಲ್ಸ್‌ಗೆ ಹದಿನೇಳು ದಿನ ಮೊದಲು ಜೋನ್ ಬೆನೊಯಿಟ್ ಅವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಅವರಿಗೂ ರಿಯಾಯಿತಿ ಇರಲಿಲ್ಲ. ಬಂದ್ರು, ಓಡಿದ್ರು, ಗೆದ್ರು. ಆಮೇಲೆ ಲಾಸ್ ಏಂಜಲೀಸ್‌ನಲ್ಲಿ 2:24:52ರಲ್ಲಿ ಚಿನ್ನವನ್ನೂ ಗೆದ್ರು.

ಈಗ ಮುಖ್ಯ ವಿಷಯ. ಟ್ರಯಲ್ಸ್‌ನಲ್ಲಿ ಯಾರು ಬೇಕಾದ್ರೂ ಓಡೋ ಹಾಗಿಲ್ಲ. ಅಲ್ಲಿ ನಿಲ್ಲೋಕೂ ಒಂದು ಅರ್ಹತಾ ಸಮಯ ಇದೆ. ನಿಗದಿತ ಅವಧಿಯೊಳಗೆ, ಮಾನ್ಯತೆ ಪಡೆದ ಯಾವುದಾದರೂ ಮ್ಯಾರಥಾನ್‌ನಲ್ಲಿ ಆ ಸಮಯದೊಳಗೆ ಓಡಿ ತೋರಿಸಬೇಕು. ಹಾಫ್ ಮ್ಯಾರಥಾನ್‌ಗೂ ಬೇರೆ ಸಮಯ ಇದೆ, ಅದರ ಮೂಲಕವೂ ಬರಬಹುದು. ಅಷ್ಟು ಮಾಡಿದವರಿಗೆಲ್ಲ ಪ್ರವೇಶ ಸಿಗುತ್ತೆ. ನಮ್ಮ ಸಿಇಟಿ ಥರ ಇಷ್ಟೇ ಸೀಟು ಅಂತ ಇಲ್ಲ. ಎಸ್ಸೆಸ್ಸೆಲ್ಸಿ ಥರ, ನಿಗದಿತ ಅಂಕ ಬಂದ್ರೆ ಪಾಸ್. ಎಷ್ಟು ಜನ ಪಾಸಾದ್ರೂ ಸರಿ.

ಹಾಫ್ ಮ್ಯಾರಥಾನ್ ದಾರಿಯಿಂದ ಒಂದು ಸ್ವಾರಸ್ಯದ ಕಥೆ ಹುಟ್ಟಿತು. 2020ರ ಫೆಬ್ರವರಿ 29ರಂದು ಅಟ್ಲಾಂಟಾದಲ್ಲಿ ಟ್ರಯಲ್ಸ್ ನಡೆಯಿತು. ಅಲ್ಲಿಗೆ ಬಂದ ಮೋಲಿ ಸೈಡೆಲ್ ಅನ್ನೋ ಯುವತಿ ಅದಕ್ಕೂ ಮೊದಲು ಜೀವನದಲ್ಲಿ ಒಂದೂ ಮ್ಯಾರಥಾನ್ ಓಡಿರಲಿಲ್ಲ. ಹಾಫ್ ಮ್ಯಾರಥಾನ್ ಸಮಯದ ಮೇಲೆ ಬಂದವರು. ಬಾಸ್ಟನ್‌ನಲ್ಲಿ ಕಾಫಿ ಅಂಗಡಿಯಲ್ಲಿ ಕೆಲಸ, ಜೊತೆಗೆ ಮಕ್ಕಳನ್ನ ನೋಡಿಕೊಳ್ಳೋ ಕೆಲಸ. ಆಲಿಫೈನ್ ಟುಲಿಯಾಮುಕ್ 2:27:23ರಲ್ಲಿ ಗೆದ್ದರೆ, ಎಂಟು ಸೆಕೆಂಡ್ ಹಿಂದೆ ಸೈಡೆಲ್. ಮೊದಲ ಮ್ಯಾರಥಾನ್‌ನಲ್ಲೇ ಒಲಿಂಪಿಕ್ ತಂಡ. ಕೋವಿಡ್‌ನಿಂದ ಒಂದು ವರ್ಷ ಮುಂದಕ್ಕೆ ಹೋದ ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್ 2021ರ ಆಗಸ್ಟ್‌ನಲ್ಲಿ ಸಪ್ಪೊರೊದಲ್ಲಿ ನಡೆದಾಗ ಅವರಿಗೆ ಕಂಚು ಬಂತು. ಬಾಗಿಲು ಸ್ವಲ್ಪ ಅಗಲವಾಗಿ ತೆರೆದಿದ್ರೆ ಯಾರು ಒಳಗೆ ಬರ್ತಾರೆ ಅಂತ ಮೊದಲೇ ಹೇಳೋಕಾಗಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮತ್ತೆ ಬೇಕಾಗುತ್ತೆ.

ಸ್ಯಾಕ್ರಮೆಂಟೊದ ಡಿಸೆಂಬರ್

ಅರ್ಹತಾ ಸಮಯ ಬೇಟೆಯಾಡೋಕೆ ಅಮೆರಿಕದಲ್ಲಿ ಹೆಸರಾದ ಒಂದು ಓಟ ಕ್ಯಾಲಿಫೋರ್ನಿಯಾ ಇಂಟರ್‌ನ್ಯಾಷನಲ್ ಮ್ಯಾರಥಾನ್. ಡಿಸೆಂಬರ್ ಮೊದಲ ವಾರ. ಫೋಲ್ಸಮ್ ಅನ್ನೋ ಊರಿನ ಅಣೆಕಟ್ಟಿನ ಹತ್ತಿರ ಶುರುವಾಗಿ ಸ್ಯಾಕ್ರಮೆಂಟೊದ ರಾಜ್ಯ ಶಾಸನಸಭೆ ಕಟ್ಟಡದ ಎದುರು ಮುಗಿಯುತ್ತೆ. ಬೆಳಗ್ಗೆ ಚಳಿ ಇರುತ್ತೆ. ಸಣ್ಣ ಸಣ್ಣ ಏರಿಳಿತ ಇದ್ದರೂ ಒಟ್ಟಾರೆ ನೂರು ಮೀಟರ್‌ನಷ್ಟು ಇಳಿಜಾರು.

ಇಳಿಜಾರು ಅಂದ್ರೆ ಮೋಸ ಅಲ್ವಾ ಅಂತ ಕೇಳಬಹುದು. ವಿಶ್ವದಾಖಲೆಗೆ ಆದರೆ ಹೌದು, ನಡೆಯಲ್ಲ. ಕಿಲೋಮೀಟರಿಗೆ ಒಂದು ಮೀಟರ್‌ಗಿಂತ ಹೆಚ್ಚು ಇಳಿಯೋ ಹಾಗಿಲ್ಲ, ಅಂದ್ರೆ ಇಡೀ ಮ್ಯಾರಥಾನ್‌ಗೆ 42 ಮೀಟರ್. ಶುರು ಮತ್ತು ಕೊನೆಯ ಜಾಗಗಳು ತೀರಾ ದೂರ ಇರುವಂತಿಲ್ಲ ಅಂತಲೂ ನಿಯಮ ಇದೆ. 2011ರಲ್ಲಿ ಬಾಸ್ಟನ್‌ನಲ್ಲಿ ಜೆಫ್ರಿ ಮುಟಾಯ್ 2:03:02 ಓಡಿದರು. ಆವರೆಗೆ ಜಗತ್ತಿನಲ್ಲಿ ಯಾರೂ ಅಷ್ಟು ವೇಗವಾಗಿ ಓಡಿರಲಿಲ್ಲ, ಆದರೂ ದಾಖಲೆ ಅಂತ ಬರೆದುಕೊಳ್ಳಲಿಲ್ಲ. ಆದರೆ ಟ್ರಯಲ್ಸ್ ಅರ್ಹತೆಗೆ ನಿಯಮ ಅಷ್ಟು ಬಿಗಿ ಇಲ್ಲ. ಬಾಸ್ಟನ್ ಕೂಡ ನಡೆಯುತ್ತೆ, ಸ್ಯಾಕ್ರಮೆಂಟೊನೂ ನಡೆಯುತ್ತೆ.

ಈ ಓಟದ ನಿಜವಾದ ಆಕರ್ಷಣೆ ಇಳಿಜಾರಲ್ಲ, ಜೊತೆ. ಒಂದೇ ಸಮಯದ ಗುರಿ ಇಟ್ಟುಕೊಂಡವರು ಅಲ್ಲಿ ಗುಂಪಾಗಿ ಓಡ್ತಾರೆ. ಮಹಿಳೆಯರ ಅರ್ಹತಾ ಸಮಯ 2:45 ಇದ್ದಾಗ, ಅದೇ ವೇಗಕ್ಕೆ ದೊಡ್ಡ ದೊಡ್ಡ ಗುಂಪುಗಳು ಸೇರ್ತಿದ್ದವು. ಒಬ್ಬರು ಶಿಕ್ಷಕಿ, ಒಬ್ಬರು ನರ್ಸ್, ಒಬ್ಬರು ಎಂಜಿನಿಯರ್, ಒಬ್ಬರು ಎರಡು ಮಕ್ಕಳ ತಾಯಿ. ಗಾಳಿ ಎದುರಾದಾಗ ಒಬ್ಬರು ಮುಂದೆ ಹೋಗಿ ತಡೀತಾರೆ, ಸ್ವಲ್ಪ ಹೊತ್ತಿಗೆ ಇನ್ನೊಬ್ಬರು. ನೀರಿನ ಬಾಟಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತೆ. ಸಾಮಾನ್ಯ ಓಟದಲ್ಲಿ ಪಕ್ಕದವರು ಎದುರಾಳಿ. ಕಟ್-ಆಫ್ ಓಟದಲ್ಲಿ ಪಕ್ಕದವರು ಪಾಸಾದ್ರೆ ನಿಮಗೇನೂ ನಷ್ಟ ಇಲ್ಲ. ಅವರ ಹೆಜ್ಜೆ ಸಪ್ಪಳ ನಿಮಗೆ ಲಾಭವೇ. ಕಂಬೈನ್ಡ್ ಸ್ಟಡಿ ಅಂತೀವಲ್ಲ, ಹಾಗೆ.

ಜೊತೆಯ ಬಲ ಎಷ್ಟು ಅಂತ ಜಗತ್ತಿಗೆ ತೋರಿಸಿದ್ದು ಎಲಿಯುಡ್ ಕಿಪ್ಚೋಗೆ. 2019ರಲ್ಲಿ ವಿಯೆನ್ನಾದಲ್ಲಿ 1:59:40 ಓಡಿದಾಗ ಅವರ ಸುತ್ತ ಸರದಿ ಪ್ರಕಾರ ಓಡಿದ ಪೇಸರ್‌ಗಳು 41 ಜನ. ಅದೇ ಕಾರಣಕ್ಕೆ ಅದು ಅಧಿಕೃತ ದಾಖಲೆ ಆಗಲಿಲ್ಲ ಅನ್ನೋದೂ ನಿಜ.

ಒಂದನೇ ತಾರೀಖಿನ ಸಂಬಳ

ಈಗ ಪೇಸಿಂಗ್ ಲೆಕ್ಕಕ್ಕೆ ಬರೋಣ. ಪೇಸ್ ಅಂದ್ರೆ ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನೋದು.

ಉದಾಹರಣೆಗೆ 2024ರ ಟ್ರಯಲ್ಸ್‌ಗೆ ಮಹಿಳೆಯರ ಅರ್ಹತಾ ಸಮಯ 2:37:00 ತಗೊಳ್ಳಿ. 42.195 ಕಿಲೋಮೀಟರಿಗೆ ಭಾಗಿಸಿದ್ರೆ, ಕಿಲೋಮೀಟರಿಗೆ 3 ನಿಮಿಷ 43 ಸೆಕೆಂಡ್ ಚಿಲ್ಲರೆ. ಪ್ರತಿ 5 ಕಿಲೋಮೀಟರಿಗೆ 18:36. ಅರ್ಧ ದೂರಕ್ಕೆ 1:18:30. ಪುರುಷರಿಗೆ 2:18:00 ಇತ್ತು. ಅಂದ್ರೆ ಕಿಲೋಮೀಟರಿಗೆ 3:16, ಅರ್ಧ ದೂರಕ್ಕೆ 1:09. ಅಂದಾಜು ಸಿಗಲಿ ಅಂತ ಹೇಳ್ತೀನಿ: ನಿಮ್ಮ ಹತ್ತಿರದ ಮೈದಾನದಲ್ಲಿ 400 ಮೀಟರ್ ಟ್ರ್ಯಾಕ್ ಇದ್ರೆ ಒಂದು ಸುತ್ತನ್ನ 89 ಸೆಕೆಂಡ್‌ನಲ್ಲಿ ಓಡಿ ನೋಡಿ. ಆ ಮಹಿಳೆಯರು ಅದನ್ನ ನೂರೈದು ಸಲ ಮಾಡ್ತಾರೆ, ಮಧ್ಯೆ ನಿಲ್ಲದೆ.

ಇಲ್ಲಿ ಒಂದು ಸೆಕೆಂಡ್ ಅಂದ್ರೆ ಏನು? ಕಿಲೋಮೀಟರಿಗೆ ಒಂದೇ ಒಂದು ಸೆಕೆಂಡ್ ನಿಧಾನ ಆದ್ರೂ ಕೊನೆಗೆ 42 ಸೆಕೆಂಡ್ ತಡ. ಇನ್ನೊಂದು ಕಡೆಯಿಂದ ನೋಡಿ, ಒಬ್ಬರು 2:37:05 ಓಡಿದ್ರು ಅಂದ್ಕೊಳ್ಳಿ. ಐದು ಸೆಕೆಂಡ್‌ಗೆ ಫೇಲ್. ಆ ಐದು ಸೆಕೆಂಡನ್ನ ಹಂಚಿದ್ರೆ ಕಿಲೋಮೀಟರಿಗೆ ಒಂದು ಸೆಕೆಂಡಿನ ಎಂಟನೇ ಒಂದು ಭಾಗ. ನೀರಿನ ಮೇಜಿನ ಹತ್ತಿರ ಬಾಟಲಿ ಕೈ ತಪ್ಪಿದ್ದು, ತಿರುವಿನಲ್ಲಿ ಹೊರಗಿನಿಂದ ಸುತ್ತಿದ್ದು, ಅಷ್ಟೇ ಸಾಕು.

ಹಾಗಾದ್ರೆ ಮೊದಲೇ ಸ್ವಲ್ಪ ಜೋರಾಗಿ ಓಡಿ ಸಮಯ ಉಳಿತಾಯ ಮಾಡಿಟ್ಕೊಂಡ್ರೆ? ಎಲ್ರಿಗೂ ಬರೋ ಯೋಚನೆ ಇದೇ. ಒಂದನೇ ತಾರೀಖು ಸಂಬಳ ಬಂದಾಗ ನಾವು ಶ್ರೀಮಂತರು ಅನ್ಸುತ್ತಲ್ಲ, ಮ್ಯಾರಥಾನ್‌ನ ಮೊದಲ ಹತ್ತು ಕಿಲೋಮೀಟರ್ ಹಾಗೇ. ಕಾಲು ಹಗುರ, ಜನ ಚಪ್ಪಾಳೆ ಹೊಡೀತಿದ್ದಾರೆ, ಉಸಿರು ಸಲೀಸು. ಖರ್ಚಾಗ್ತಿರೋದು ಗೊತ್ತೇ ಆಗಲ್ಲ.

ದೇಹದ ಒಳಗಿನ ವ್ಯವಹಾರ ಹೀಗಿದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಅನ್ನೋ ಸಕ್ಕರೆ ದಾಸ್ತಾನು ಇರುತ್ತೆ. ಅದು ಸೀಮಿತ. ವೇಗ ಸ್ವಲ್ಪ ಹೆಚ್ಚಾದ್ರೆ ಸಕ್ಕರೆಯ ಖರ್ಚು ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಏರುತ್ತೆ. ದಾರಿಯಲ್ಲಿ ಜೆಲ್, ಪಾನೀಯ ಅಂತ ಸ್ವಲ್ಪ ಜಮಾ ಮಾಡಬಹುದು, ಆದರೆ ಖರ್ಚಿನಷ್ಟು ಜಮಾ ಆಗಲ್ಲ. 30 ಕಿಲೋಮೀಟರ್ ದಾಟಿದ ಮೇಲೆ ದಾಸ್ತಾನು ಮುಗೀತು ಅಂದ್ರೆ ಕಾಲಿಗೆ ಸಿಮೆಂಟ್ ಮೂಟೆ ಕಟ್ಟಿದ ಹಾಗೆ. ಓಟಗಾರರು ಇದನ್ನ ‘ಗೋಡೆಗೆ ಬಡಿಯೋದು’ ಅಂತಾರೆ.

ಲೆಕ್ಕ ಹಾಕೋಣ. 2:37ರ ಗುರಿ ಇರೋರು ಮೊದಲರ್ಧವನ್ನ 1:18:30ರ ಬದಲು 1:16:30ರಲ್ಲಿ ಮುಗಿಸಿದ್ರು. ಎರಡು ನಿಮಿಷ ಉಳಿತಾಯ. 32 ಕಿಲೋಮೀಟರ್ ತನಕ ಹಾಗೇ ಕಾಪಾಡಿಕೊಂಡ್ರು ಅಂತಲೇ ಇಟ್ಕೊಳ್ಳಿ. ಅಲ್ಲಿಂದ ಕಾಲು ಸೋತು ಕಿಲೋಮೀಟರಿಗೆ 20 ಸೆಕೆಂಡ್ ನಿಧಾನ ಆದ್ರೆ, ಉಳಿದ ಹತ್ತು ಕಿಲೋಮೀಟರಿನಲ್ಲಿ ಮೂರೂವರೆ ನಿಮಿಷದ ಹತ್ತಿರ ನಷ್ಟ. ಉಳಿತಾಯ ಕಳೆದ್ರೂ ಫಲಿತಾಂಶ 2:38:24. ಫೇಲ್. ಬಡ್ಡಿ ದರ ಹಾಗಿದೆ ಸ್ವಾಮಿ ಇಲ್ಲಿ. ‘ಹೊಳೇಲಿ ಹಾಕಿದ್ರೂ ಅಳೆದು ಹಾಕು’ ಅಂತ ನಮ್ಮ ಹಿರಿಯರು ಹೇಳಿದ್ದು ಮ್ಯಾರಥಾನ್ ನೋಡಿ ಅಲ್ಲ, ಆದರೆ ಪೇಸಿಂಗ್ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳೋದು ಕಷ್ಟ.

ದೊಡ್ಡವರ ಲೆಕ್ಕವೂ ಹೀಗೇ. 2022ರಲ್ಲಿ ಬರ್ಲಿನ್‌ನಲ್ಲಿ ಕಿಪ್ಚೋಗೆ ವಿಶ್ವದಾಖಲೆ ಮಾಡಿದಾಗ ಮೊದಲರ್ಧ 59:51, ಎರಡನೇ ಅರ್ಧ 61:18. ಒಟ್ಟು 2:01:09. ಮರುವರ್ಷ ಶಿಕಾಗೋದಲ್ಲಿ ಕೆಲ್ವಿನ್ ಕಿಪ್ಟಮ್ ಮೊದಲರ್ಧಕ್ಕೆ 60:48 ತಗೊಂಡ್ರು, ಅಂದ್ರೆ ಕಿಪ್ಚೋಗೆಗಿಂತ ಸುಮಾರು ಒಂದು ನಿಮಿಷ ನಿಧಾನ. ಎರಡನೇ ಅರ್ಧ 59:47. ಒಟ್ಟು 2:00:35, ಹೊಸ ದಾಖಲೆ. ಮೊದಲು ಕಡಿಮೆ ಖರ್ಚು, ಆಮೇಲೆ ಜಾಸ್ತಿ. ಇದನ್ನ ನೆಗೆಟಿವ್ ಸ್ಪ್ಲಿಟ್ ಅಂತಾರೆ. ಆ ದಾಖಲೆಯಾದ ನಾಲ್ಕೇ ತಿಂಗಳಿಗೆ, 24ನೇ ವಯಸ್ಸಿಗೆ, ಕಿಪ್ಟಮ್ ಕಾರು ಅಪಘಾತದಲ್ಲಿ ತೀರಿಕೊಂಡರು. ಇನ್ನೇನು ಮಾಡ್ತಿದ್ರೋ.

ಮುಂದಿನ ಸಲ ಯಾವುದಾದರೂ ಮ್ಯಾರಥಾನ್ ಫಲಿತಾಂಶ ತೆರೆದಾಗ ಕೊನೆಯ ಸಮಯ ಮಾತ್ರ ನೋಡಬೇಡಿ. ಪ್ರತಿ 5 ಕಿಲೋಮೀಟರಿನ ಸ್ಪ್ಲಿಟ್ ಕೊಟ್ಟಿರ್ತಾರೆ. ಅದು ಅವರ ಪಾಸ್‌ಬುಕ್. ಎಲ್ಲಿ ದುಂದು ಮಾಡಿದ್ರು, ಎಲ್ಲಿ ಬಿಗಿ ಹಿಡಿದ್ರು, ಎಲ್ಲಿ ದಿವಾಳಿ ಆದ್ರು, ಎಲ್ಲ ಬರೆದಿರುತ್ತೆ.

ಎಂಟು ನಿಮಿಷದ ಬೆಲೆ

ಈಗ ಮೂರನೇ ಲೆಕ್ಕ. 2020ರ ಟ್ರಯಲ್ಸ್‌ಗೆ ಮಹಿಳೆಯರ ಅರ್ಹತಾ ಸಮಯ 2:45:00. ಪುರುಷರದ್ದು 2:19:00. ಇದು ರಿಯೋ ಒಲಿಂಪಿಕ್ಸ್‌ಗೆ ಅಂತಾರಾಷ್ಟ್ರೀಯ ಒಕ್ಕೂಟ ಇಟ್ಟಿದ್ದ ಅರ್ಹತಾ ಸಮಯವೇ. ಆ ಸಲ ಮಹಿಳೆಯರಲ್ಲಿ ಅರ್ಹತೆ ಪಡೆದವರು 500ಕ್ಕೂ ಹೆಚ್ಚು.

2024ಕ್ಕೆ ಪುರುಷರಿಗೆ ಒಂದು ನಿಮಿಷ ಇಳಿಸಿದ್ರು, 2:18. ಮಹಿಳೆಯರಿಗೆ ಒಂದೇ ಏಟಿಗೆ ಎಂಟು ನಿಮಿಷ, 2:37. ಎಂಟು ನಿಮಿಷ ಅಂದ್ರೆ ಕಿಲೋಮೀಟರಿಗೆ ಸುಮಾರು 11 ಸೆಕೆಂಡ್. ಹಳೇ ಕಟ್-ಆಫ್ ವೇಗದಲ್ಲಿ ಓಡೋರು ಹೊಸ ಕಟ್-ಆಫ್ ಹೊತ್ತಿಗೆ ಎಲ್ಲಿರ್ತಾರೆ ಗೊತ್ತಾ? ಗೆರೆಯಿಂದ ಎರಡು ಕಿಲೋಮೀಟರ್ ಹಿಂದೆ. ಅರ್ಹತೆ ಪಡೆದ ಮಹಿಳೆಯರ ಸಂಖ್ಯೆ 200ಕ್ಕಿಂತ ಕೆಳಗೆ ಬಂತು.

ಬಿಗಿ ಮಾಡಬೇಕು ಅನ್ನೋರ ವಾದದಲ್ಲೂ ಹುರುಳಿದೆ, ಅದನ್ನೂ ಕೇಳೋಣ. ಒಂದು, ಶೂ. ಕಾರ್ಬನ್ ತಟ್ಟೆ ಮತ್ತು ಹೊಸ ಫೋಮ್ ಇರೋ ಶೂಗಳು 2017ರ ಸುಮಾರಿಗೆ ಬಂದ ಮೇಲೆ ಎಲ್ರ ಸಮಯವೂ ಇಳಿದಿದೆ. ಅಟ್ಟೆಯ ದಪ್ಪ 40 ಮಿಲಿಮೀಟರ್ ಮೀರಬಾರದು ಅಂತ ನಿಯಮ ಮಾಡೋ ಮಟ್ಟಕ್ಕೆ ಹೋಯ್ತು. ಪರೀಕ್ಷೆ ಸುಲಭ ಆದಾಗ ಪಾಸ್ ಅಂಕ ಏರಿಸೋದು ತಪ್ಪಲ್ಲ. ಎರಡು, ವ್ಯವಸ್ಥೆ. ಈ ಮಟ್ಟದ ಓಟದಲ್ಲಿ ಪ್ರತಿಯೊಬ್ಬರಿಗೂ ಮೇಜಿನ ಮೇಲೆ ಅವರವರದೇ ಬಾಟಲಿ ಇಡ್ತಾರೆ. ಐನೂರು ಜನಕ್ಕೆ ಅದನ್ನ ಮಾಡೋದು ಅಂದ್ರೆ ಮದುವೆ ಮನೆ ಊಟಕ್ಕಿಂತ ದೊಡ್ಡ ಕೆಲಸ. ಮೂರು, ತಂಡಕ್ಕೆ ಹೋಗೋದು ಮೂವರೇ. 2:44 ಓಡಿದವರು ಆ ಮೂವರಲ್ಲಿ ಬರಲ್ಲ ಅಂತ ಎಲ್ರಿಗೂ ಗೊತ್ತು.

ಆದರೆ ನನ್ನ ಅಭಿಪ್ರಾಯ ಬೇರೆ. 2:45 ಅನ್ನೋ ಸಂಖ್ಯೆ ಇದ್ದಿದ್ದೇ ಒಲಿಂಪಿಕ್ಸ್‌ಗೆ ಕಳಿಸೋಕಲ್ಲ. ಅದು ಇದ್ದಿದ್ದು, ದಿನಕ್ಕೆ ಎಂಟು ಗಂಟೆ ಕೆಲಸ ಮಾಡಿ ಬೆಳಗ್ಗೆ ನಾಲ್ಕೂವರೆಗೆ ಎದ್ದು ಓಡೋರಿಗೆ ಒಂದು ಕಾರಣ ಕೊಡೋಕೆ. 2:52 ಓಡೋರು ‘ಇನ್ನು ಏಳು ನಿಮಿಷ’ ಅಂತ ಮೂರು ವರ್ಷ ಕಷ್ಟಪಡ್ತಾರೆ. ‘ಇನ್ನು ಹದಿನೈದು ನಿಮಿಷ’ ಅಂದ್ರೆ ಹಲವರು ಬಿಟ್ಟುಬಿಡ್ತಾರೆ.

ಬಿಡದೇ ಇದ್ದವರು ಏನಾಗ್ತಾರೆ ಅನ್ನೋದಕ್ಕೆ ಡಕೋಟಾ ಲಿಂಡ್‌ವರ್ಮ್ ಅವರನ್ನ ನೋಡಿ. ಕಾಲೇಜಿನಲ್ಲಿ ಅವರು ದೊಡ್ಡ ಹೆಸರಲ್ಲ. ಕ್ರೀಡಾ ವಿದ್ಯಾರ್ಥಿವೇತನದ ಕರೆ ಬಂದವರಲ್ಲ, ತಾವಾಗಿ ಹೋಗಿ ತಂಡ ಸೇರಿದವರು. 2020ರ ಟ್ರಯಲ್ಸ್‌ನಲ್ಲಿ ಓಡಿದ್ರು, ಮೊದಲ ಇಪ್ಪತ್ತರಲ್ಲೂ ಹೆಸರಿರಲಿಲ್ಲ. ಆಮೇಲೆ ಮಿನೆಸೋಟಾದ ಗ್ರಾಂಡ್ಮಾಸ್ ಮ್ಯಾರಥಾನನ್ನ 2021, 2022ರಲ್ಲಿ ಸತತ ಎರಡು ಸಲ ಗೆದ್ರು. 2024ರ ಟ್ರಯಲ್ಸ್‌ನಲ್ಲಿ 2:25:31, ಮೂರನೇ ಸ್ಥಾನ, ಒಲಿಂಪಿಕ್ ತಂಡ. ಪ್ಯಾರಿಸ್‌ನ ಆ ಭಯಂಕರ ಏರಿನ ದಾರಿಯಲ್ಲಿ 12ನೇ ಸ್ಥಾನ, ಅಮೆರಿಕದ ಮೂವರು ಮಹಿಳೆಯರಲ್ಲಿ ಅವರೇ ಮುಂದು. 2020ರಲ್ಲಿ ಗುಂಪಿನ ಮಧ್ಯೆ ಇದ್ದವರು ನಾಲ್ಕು ವರ್ಷದಲ್ಲಿ ಇಲ್ಲಿಗೆ ಬಂದ್ರು. ಮೆಟ್ಟಿಲು ಇತ್ತು, ಹತ್ತಿದ್ರು.

ಮೂರನೇ ಸ್ಥಾನ, ಆದರೂ ಕಾಯಬೇಕು

2024ರ ಟ್ರಯಲ್ಸ್ ಫೆಬ್ರವರಿ 3ರಂದು ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ನಡೆಯಿತು. ಮೊದಲು ಮಧ್ಯಾಹ್ನ ಹನ್ನೆರಡಕ್ಕೆ ಶುರು ಅಂತ ಇತ್ತು. ಫ್ಲಾರಿಡಾ ಬಿಸಿಲಲ್ಲಿ ಅದಾಗಲ್ಲ ಅಂತ ಓಟಗಾರರು ಪತ್ರ ಬರೆದು ಒತ್ತಾಯಿಸಿದ ಮೇಲೆ ಬೆಳಗ್ಗೆ ಹತ್ತಕ್ಕೆ ಬಂತು.

ಪುರುಷರ ಓಟದಲ್ಲಿ ಎರಡು ಕಟ್-ಆಫ್ ಒಟ್ಟಿಗೆ ಓಡ್ತಿದ್ವು. ಒಂದು, ಮೊದಲ ಮೂವರಲ್ಲಿ ಬರೋದು. ಇನ್ನೊಂದು, ಪ್ಯಾರಿಸ್‌ಗೆ ಅಂತಾರಾಷ್ಟ್ರೀಯ ಅರ್ಹತಾ ಸಮಯ 2:08:10. ಅದನ್ನ ಮೊದಲೇ ದಾಟಿದ್ದ ಅಮೆರಿಕನ್ನರು ಇಬ್ಬರೇ, ಕಾನರ್ ಮಾಂಟ್ಜ್ ಮತ್ತು ಕ್ಲೇಟನ್ ಯಂಗ್. ಹಿಂದಿನ ಅಕ್ಟೋಬರ್‌ನಲ್ಲಿ ಶಿಕಾಗೋದಲ್ಲಿ ಮಾಂಟ್ಜ್ 2:07:47, ಯಂಗ್ 2:08:00. ಅಂದ್ರೆ ದೇಶದ ಕೈಯಲ್ಲಿದ್ದ ಖಚಿತ ಸೀಟು ಎರಡೇ. ಮೂರನೇ ಸೀಟು ಖಾತ್ರಿಯಾಗಬೇಕಾದ್ರೆ ಅವತ್ತೇ ಇನ್ಯಾರಾದ್ರೂ 2:08:10 ಓಡಬೇಕು.

ಜ್ಯಾಕ್ ಪ್ಯಾನಿಂಗ್ ಅನ್ನೋ ಓಟಗಾರ ಆ ಧೈರ್ಯ ಮಾಡಿದ್ರು. ಮುಂದೆ ನಿಂತು ಮೈಲಿಗಟ್ಟಲೆ ಎಳೆದ್ರು. ಬಿಸಿಲು, ಗಾಳಿ ತಡೆಯೋಕೆ ಮುಂದೆ ಯಾರೂ ಇಲ್ಲ. ಮಾಂಟ್ಜ್, ಯಂಗ್ ಅವರ ಹಿಂದೆ ಶಾಂತವಾಗಿ ಬಂದ್ರು. ಅವರಿಗೆ ಸಮಯ ಬೇಕಿರಲಿಲ್ಲ, ಸ್ಥಾನ ಸಾಕಿತ್ತು. ಕೊನೆಯ ಮೈಲಿಗಳಲ್ಲಿ ಅವರಿಬ್ಬರೂ ಮುಂದೆ ಹೋದ್ರು. 2:09:05, 2:09:06. ಇಬ್ಬರೂ ಒಟ್ಟಿಗೆ ಅಭ್ಯಾಸ ಮಾಡೋ ಗೆಳೆಯರು. ಇಡೀ ಓಟದ ಖರ್ಚು ಹೊತ್ತ ಪ್ಯಾನಿಂಗ್ ಆರನೇ ಸ್ಥಾನಕ್ಕೆ ಜಾರಿದ್ರು. ಹಿಂದಿನಿಂದ ಅಳೆದು ಓಡಿಕೊಂಡು ಬಂದ ಲಿಯೊನಾರ್ಡ್ ಕೊರಿರ್ 2:09:57ರಲ್ಲಿ ಮೂರನೆಯವರು.

ಕೊರಿರ್ ಮೂರನೆಯವರಾದ್ರು, ಆದ್ರೆ ಸೀಟು? 2:08:10 ಇಲ್ಲ. ವಿಶ್ವ ಕ್ರಮಾಂಕದ ಲೆಕ್ಕ ಮುಗಿಯೋವರೆಗೆ ಕಾಯಬೇಕು. ಮೆರಿಟ್ ಲಿಸ್ಟಲ್ಲಿ ಹೆಸರು ಬಂದಿದೆ, ಅಲಾಟ್‌ಮೆಂಟ್ ಲೆಟರ್ ಬಂದಿಲ್ಲ ಅನ್ನೋ ಸ್ಥಿತಿ. ಮೂರು ತಿಂಗಳ ನಂತರ, ಮೇ ತಿಂಗಳಲ್ಲಿ, ಸೀಟು ಖಾತ್ರಿಯಾಯ್ತು. ಪ್ಯಾರಿಸ್‌ನಲ್ಲಿ ಮಾಂಟ್ಜ್ 8ನೇ ಸ್ಥಾನ, ಯಂಗ್ 9ನೇ ಸ್ಥಾನ. ಟ್ರಯಲ್ಸ್‌ನಲ್ಲಿ ಉಳಿಸಿಕೊಂಡವರು ಅಲ್ಲೂ ಚೆನ್ನಾಗೇ ಖರ್ಚು ಮಾಡಿದ್ರು.

ಸಾಮಾನ್ಯ ಓಟಗಾರರಿಗೂ ಈ ಪಾಡು ತಪ್ಪಿದ್ದಲ್ಲ. ಬಾಸ್ಟನ್ ಮ್ಯಾರಥಾನ್‌ಗೆ ವಯಸ್ಸಿನ ಪ್ರಕಾರ ಅರ್ಹತಾ ಸಮಯ ಇದೆ. ಅಮೆರಿಕದಲ್ಲಿರೋ ನಮ್ಮ ಕನ್ನಡದ ಓಟಗಾರರಿಗೆ, ಬೆಂಗಳೂರಿನ ರನ್ನಿಂಗ್ ಗುಂಪಿನವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಸಮಯ ದಾಟಿದ್ರೆ ಅರ್ಜಿ ಹಾಕಬಹುದು ಅಷ್ಟೇ. 2025ರ ಓಟಕ್ಕೆ ಅರ್ಹತಾ ಸಮಯಕ್ಕಿಂತ 6 ನಿಮಿಷ 51 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ವೇಗವಾಗಿ ಓಡಿದವರಿಗೆ ಮಾತ್ರ ಜಾಗ ಸಿಕ್ಕಿತು. ಆರು ನಿಮಿಷ ಉಳಿಸಿಕೊಂಡವರೂ ಹೊರಗೆ ಉಳಿದ್ರು. ಆಮೇಲೆ ಅರ್ಹತಾ ಸಮಯವನ್ನೇ 60 ವರ್ಷದೊಳಗಿನವರಿಗೆ ಐದು ನಿಮಿಷ ಬಿಗಿ ಮಾಡಿದ್ರು.

ನಮ್ಮ ಮೆಟ್ಟಿಲು ಎಲ್ಲಿದೆ?

ಈಗ ನಮ್ಮ ಮನೆಗೆ ಬರೋಣ.

ಶಿವನಾಥ್ ಸಿಂಗ್ ಹೆಸರು ಕೇಳಿದ್ದೀರಾ? 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 11ನೇ ಸ್ಥಾನ. 1978ರಲ್ಲಿ ಜಲಂಧರ್‌ನಲ್ಲಿ 2:12:00 ಓಡಿದರು. ಬರಿಗಾಲಿನ ಓಟಕ್ಕೆ ಹೆಸರಾದ ಆ ಸೈನಿಕನ ಸಮಯವನ್ನ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಭಾರತದಲ್ಲಿ ಯಾರೂ ಮುರಿಯೋಕಾಗಲಿಲ್ಲ. ಕಾರ್ಬನ್ ಶೂ ಬಂದ ಮೇಲೂ ವರ್ಷಗಟ್ಟಲೆ ಹಾಗೇ ಉಳಿದಿತ್ತು.

2016ರ ರಿಯೋಗೆ ಅರ್ಹತಾ ಸಮಯ ಪುರುಷರಿಗೆ 2:19. ಕಷ್ಟ, ಆದರೆ ಕೈಗೆಟುಕುವಂಥದ್ದು. ಆ ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಸೇನೆಯ ಟಿ. ಗೋಪಿ ಪೇಸರ್ ಆಗಿ, ಅಂದ್ರೆ ತಂಡದ ಇತರರಿಗೆ ವೇಗ ಹಿಡಿದುಕೊಡೋಕೆ ಅಂತ ಇಳಿದವರು. ಪೇಸರ್‌ಗಳು ಸಾಮಾನ್ಯವಾಗಿ 30 ಕಿಲೋಮೀಟರ್ ಹೊತ್ತಿಗೆ ಪಕ್ಕಕ್ಕೆ ಸರೀತಾರೆ. ಇವರು ನಿಲ್ಲಲಿಲ್ಲ. 2:16:15, ಭಾರತೀಯರಲ್ಲಿ ಎರಡನೆಯವರು, ಒಲಿಂಪಿಕ್ ಅರ್ಹತೆ. ರಿಯೋದಲ್ಲಿ 2:15:25, 25ನೇ ಸ್ಥಾನ. ಒಂದು ಸೆಕೆಂಡ್ ಹಿಂದೆ ಖೇತಾ ರಾಮ್, 26ನೇ ಸ್ಥಾನ. 150ಕ್ಕೂ ಹೆಚ್ಚು ಜನ ಓಡಿದ ಸ್ಪರ್ಧೆ ಅದು. ಮರುವರ್ಷ ಗೋಪಿ ಏಷ್ಯನ್ ಮ್ಯಾರಥಾನ್ ಚಾಂಪಿಯನ್. ನೋಡಿ, ಬಾಗಿಲು ಅಗಲ ಇದ್ದಾಗ ಯಾರು ಒಳಗೆ ಬರ್ತಾರೆ ಅಂತ ಹೇಳೋಕಾಗಲ್ಲ ಅಂದೆನಲ್ಲ. ವೇಗ ಹಿಡಿಯೋಕೆ ಬಂದವರು ಒಲಿಂಪಿಕ್ಸ್‌ಗೆ ಹೋದ್ರು.

ಆಮೇಲೆ ಅಂತಾರಾಷ್ಟ್ರೀಯ ಸಮಯ ಏನಾಯ್ತು? ಟೋಕಿಯೊಗೆ 2:11:30. ಪ್ಯಾರಿಸ್‌ಗೆ 2:08:10. ಮಹಿಳೆಯರದ್ದು 2:45ರಿಂದ 2:29:30, ಆಮೇಲೆ 2:26:50. ಸ್ಪರ್ಧಿಗಳ ಸಂಖ್ಯೆಯನ್ನೂ 80ಕ್ಕೆ ಇಳಿಸಿದ್ರು. ಟೋಕಿಯೊ ಮ್ಯಾರಥಾನ್‌ನಲ್ಲಿ ಭಾರತೀಯರು ಯಾರೂ ಇಲ್ಲ, ಪ್ಯಾರಿಸ್‌ನಲ್ಲೂ ಇಲ್ಲ. ಶಿವನಾಥ್ ಸಿಂಗ್ ಅವರ 2:12:00 ಕೂಡ ಟೋಕಿಯೊ ಕಟ್-ಆಫ್‌ಗೆ ಸಾಲ್ತಿರಲಿಲ್ಲ.

ಅಂತಾರಾಷ್ಟ್ರೀಯ ಒಕ್ಕೂಟದ ಸಂಖ್ಯೆ ನಮ್ಮ ಕೈಯಲ್ಲಿಲ್ಲ. ಆದರೆ ಕೆಳಗಿನ ಮೆಟ್ಟಿಲು ನಮ್ಮ ಕೈಯಲ್ಲಿದೆ. ನಮ್ಮಲ್ಲೂ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇದೆ, ಮುಂಬೈ, ದೆಹಲಿಯ ಓಟಗಳಲ್ಲಿ ಭಾರತೀಯರಿಗೆ ಬೇರೆ ಬಹುಮಾನ ಇದೆ. ಮುಂದೆ ನಿಲ್ಲೋರಲ್ಲಿ ಬಹುಪಾಲು ಸೇನೆ, ರೈಲ್ವೆ ಮುಂತಾದ ಕಡೆ ಇರೋರು. ಅವರ ಶ್ರಮಕ್ಕೆ ಕೈ ಮುಗಿಯಬೇಕು. ಆದರೆ ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಬ್ಯಾಂಕ್ ಕೆಲಸ ಮಾಡ್ಕೊಂಡು 2:32 ಓಡೋ ಹುಡುಗನಿಗೆ, ಶಾಲೆಯಲ್ಲಿ ಪಾಠ ಮಾಡ್ಕೊಂಡು 3:05 ಓಡೋ ಹುಡುಗಿಗೆ ಮುಂದಿನ ಗುರಿ ಏನು? 2:08:10 ಅಂತ ಹೇಳಿದ್ರೆ ನಗ್ತಾರೆ. ‘ಎರಡು ವರ್ಷದಲ್ಲಿ 2:25 ಓಡಿದವರೆಲ್ಲ, 2:55 ಓಡಿದವರೆಲ್ಲ ಒಂದು ದಿನ ಒಂದೇ ಗೆರೆಯಲ್ಲಿ ನಿಲ್ಲಿ, ದೇಶದ ಅತ್ಯುತ್ತಮರ ಜೊತೆ ಓಡಿ, ಪ್ರಯಾಣ ಖರ್ಚು ನಮ್ಮದು’ ಅಂದ್ರೆ ನಗಲ್ಲ. ಗೋಡೆಗೆ ಬರೆದು ಅಂಟಿಸ್ಕೊಳ್ತಾರೆ. ಈ ಸಂಖ್ಯೆಗಳು ನನ್ನ ಉದಾಹರಣೆ ಅಷ್ಟೇ, ತಿಳಿದವರು ಕೂತು ಸರಿಯಾದದ್ದನ್ನ ನಿರ್ಧರಿಸಲಿ. ಒಂದು ಸಂಖ್ಯೆ ಇರಲಿ, ಮೊದಲೇ ಹೇಳಲಿ, ಮಧ್ಯದಲ್ಲಿ ಬದಲಾಯಿಸದೇ ಇರಲಿ.

ಹೀಗೆ ಮಾಡಿದ್ರೆ ಒಲಿಂಪಿಕ್ ಪದಕ ಬರುತ್ತಾ? ನಾನು ಹಾಗೆ ಹೇಳಲ್ಲ. 2:25 ಓಡೋ ನೂರು ಜನ ಇರೋ ದೇಶದಲ್ಲಿ 2:15 ಓಡೋರು ಹೆಚ್ಚು ಹುಟ್ತಾರೆ, 2:15ರವರು ಹೆಚ್ಚಿದ್ರೆ 2:10ರವರು ಹುಟ್ತಾರೆ. ಜಪಾನ್‌ನಲ್ಲಿ ವಿಶ್ವವಿದ್ಯಾಲಯಗಳ ಹಕೋನೆ ಎಕಿಡೆನ್ ಅನ್ನೋ ರಿಲೇ ಓಟ 1920ರಿಂದ ಇದೇ ಕೆಲಸ ಮಾಡ್ತಿದೆ. ಹಾಫ್ ಮ್ಯಾರಥಾನ್ ಮಟ್ಟದ ಓಟಗಾರರನ್ನ ಆ ದೇಶ ಅಲ್ಲಿ ಬೆಳೆಸಿಕೊಳ್ಳುತ್ತೆ. ಮೇಲಿನ ಮಹಡಿ ಎತ್ತರ ಆದಷ್ಟೂ ಕೆಳಗೆ ಮೆಟ್ಟಿಲು ಜಾಸ್ತಿ ಬೇಕು. ಇದು ಕ್ರೀಡೆಯ ತತ್ವ ಏನಲ್ಲ, ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರೋ ವಿಷಯ.

ಮುಗಿಸೋ ಮೊದಲು ಒಂದು ಕೋರಿಕೆ. ಮುಂದಿನ ಸಲ ನಿಮ್ಮ ಊರಲ್ಲಿ ಓಟ ನಡೆದ್ರೆ, ಗೆದ್ದವರು ಹೋದ ಮೇಲೂ ಹತ್ತು ನಿಮಿಷ ರಸ್ತೆ ಬದಿಯಲ್ಲಿ ನಿಲ್ಲಿ. ಕೈಗಡಿಯಾರ ನೋಡ್ಕೊಂಡು, ತುಟಿ ಕಚ್ಕೊಂಡು, ಯಾವುದೋ ಒಂದು ಸಂಖ್ಯೆಗಾಗಿ ಓಡ್ತಿರೋರು ಬರ್ತಾರೆ. ಆ ಸಂಖ್ಯೆ ಏನು ಅಂತ ನಿಮಗೆ ಗೊತ್ತಿರಲ್ಲ. ಪರವಾಗಿಲ್ಲ, ಚಪ್ಪಾಳೆ ಹೊಡೀರಿ. ಕೊನೆಯ ಕಿಲೋಮೀಟರಿನಲ್ಲಿ ಅದರಿಂದ ಎರಡು ಸೆಕೆಂಡ್ ಸಿಕ್ಕರೂ ಸಿಗಬಹುದು.

ನಿಮ್ಮಲ್ಲಿ ಯಾರಾದ್ರೂ ಹೀಗೆ ಒಂದು ಸಂಖ್ಯೆಯ ಹಿಂದೆ ಬಿದ್ದಿದ್ರೆ ನನಗೆ ಬರೀರಿ. ಸ್ಪ್ಲಿಟ್ ಸಮೇತ ಬರೀರಿ, ಪಾಸ್‌ಬುಕ್ ನೋಡೋಕೆ ನಂಗಿಷ್ಟ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ, ಮೊದಲ ಐದು ಕಿಲೋಮೀಟರ್ ನಿಧಾನಕ್ಕೆ ಓಡಿ. ನಮಸ್ಕಾರ.